ಎಂಜಿನ್ ಮೇಲೆ ಹೊರಿಸಿದ ತಪ್ಪು

ಮಾರತ್ತಹಳ್ಳಿಗೆ ಆ ಹೆಸರು ಮಾರುತ್ ಯುದ್ಧವಿಮಾನದಿಂದ ಬಂತು ಎನ್ನುವವರಿದ್ದಾರೆ. ಹೆಸರಿನ ಕಥೆ ಏನೇ ಇರಲಿ, ಹತ್ತಿರದ ಎಚ್‌ಎಎಲ್‌ನಲ್ಲಿ ತಯಾರಾದ ಆ ವಿಮಾನ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ಒಡಲನ್ನು ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು ರೂಪಿಸಿದ್ದರು. ಆದರೆ ತಕ್ಕ ಎಂಜಿನ್ ಸಿಗಲಿಲ್ಲ. ವಿಮಾನ ಆ ವೇಗ ಮುಟ್ಟಲೇ ಇಲ್ಲ. ಈ ಕಥೆ ಕೇಳಿ ಕೇಳಿಯೋ ಏನೋ, ಯಾವುದು ನಿಧಾನವಾದರೂ ಎಂಜಿನ್ನನ್ನೇ ದೂರುವುದು ನನಗೆ ಅಭ್ಯಾಸವಾಗಿತ್ತು.

2015ರಲ್ಲಿ ನಾನು ಇಲ್ಲಿನ ಒಂದು ಕಚೇರಿಯಲ್ಲಿ ಪೈಥಾನ್ ಬರೆಯುತ್ತಿದ್ದೆ. ರಾತ್ರಿ ವರದಿ ತಯಾರಿಸುವ ನನ್ನ ಪ್ರೋಗ್ರಾಂ ಬೆಳಗಾದರೂ ಮುಗಿಯುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅದನ್ನು ಪೈಪೈ ಎಂಬ ಬೇರೆ ಇಂಟರ್‌ಪ್ರಿಟರಿನಲ್ಲಿ ಓಡಿಸಲು ಸೂಚಿಸಿದಳು. ಓಡಿಸಿದೆ. ಇನ್ನೂ ನಿಧಾನವಾಯಿತು. ‘ಪೈಪೈ ಪ್ರಯೋಜನವಿಲ್ಲ’ ಎಂದು ಇಡೀ ತಂಡಕ್ಕೆ ಮೇಲ್ ಕಳಿಸಿದೆ. ಮರುದಿನದ ಮೀಟಿಂಗಿನಲ್ಲಿ ಅವಳು ಬಾಯಿ ತೆರೆಯಲಿಲ್ಲ.

ಪೈಥಾನ್ ಭಾಷೆಯನ್ನು ಗೀಡೊ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭಿಸಿದರು. ಭಾಷೆ ಒಂದೇ ಆದರೂ ಅದನ್ನು ಓಡಿಸುವ ಇಂಟರ್‌ಪ್ರಿಟರುಗಳು ಹಲವು. ಎಲ್ಲರೂ ಬಳಸುವುದು ಸಿ ಭಾಷೆಯಲ್ಲಿ ಬರೆದ ಸಿಪೈಥಾನ್. ಪೈಪೈ ಕೆಲಸ 2003ರಲ್ಲಿ ಶುರುವಾಯಿತು. ಆರ್ಮಿನ್ ರಿಗೊ ಅದರ ಸ್ಥಾಪಕರಲ್ಲಿ ಒಬ್ಬರು. ಒಂದು ಲೂಪು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿದರೆ ಪೈಪೈ ಅದನ್ನು ಗುರುತಿಸಿ ಯಂತ್ರಭಾಷೆಗೆ ಇಳಿಸುತ್ತದೆ. ಹಾಗಾಗಿ ಚಿಕ್ಕ ಪ್ರೋಗ್ರಾಮುಗಳಿಗೆ ಅದರಿಂದ ಲಾಭ ಕಡಿಮೆ. ನನ್ನ ಲೂಪು ಲಕ್ಷಗಟ್ಟಲೆ ಸುತ್ತುತ್ತಿತ್ತು. ಆದರೂ ನಿಧಾನ ಏಕೆ?

ಎರಡು ದಿನ ಬಿಟ್ಟು ಅವಳೇ ಬಂದು ಕೇಳಿದಳು: “ಎಷ್ಟು ಸಾಲಿಗೆ ಎಷ್ಟು ಹೊತ್ತು ಅಂತ ನೋಡಿದ್ರಾ?” ನೋಡಿರಲಿಲ್ಲ. ಇಬ್ಬರೂ ಕೂತು ನೋಡಿದೆವು. ಪೈಪೈಯಲ್ಲಿ ಸಾಲುಗಳು ದುಪ್ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತಿತ್ತು. ಇಂಟರ್‌ಪ್ರಿಟರ್ ಬರೀ ನಿಧಾನದ್ದಾಗಿದ್ದರೆ ಸಮಯವೂ ದುಪ್ಪಟ್ಟಾಗಬೇಕಿತ್ತು.

ತಪ್ಪಿದ್ದದ್ದು ನನ್ನ ಒಂದು ಸಾಲಿನಲ್ಲಿ. ಲೂಪಿನೊಳಗೆ ವರದಿಯ ಪಠ್ಯಕ್ಕೆ ಒಂದೊಂದೇ ಸಾಲು ಕೂಡಿಸುತ್ತ ಹೋಗಿದ್ದೆ. ಪೈಥಾನಿನಲ್ಲಿ ಒಮ್ಮೆ ಮಾಡಿದ ಪಠ್ಯವನ್ನು ತಿದ್ದುವಂತಿಲ್ಲ. ಪ್ರತಿ ಸಲ ಹೊಸ ಪ್ರತಿ ಆಗಬೇಕು. ಅಂಗಡಿಯವರು ಒಂದು ಸಾಲು ಬರೆಯಲು ಇಡೀ ಲೆಕ್ಕದ ಪುಸ್ತಕವನ್ನೇ ನಕಲು ಮಾಡಿದಂತೆ. ಒಂದು ಲಕ್ಷ ಸಾಲು ಮುಗಿಯುವ ಹೊತ್ತಿಗೆ ನಕಲಾದ ಸಾಲುಗಳು ಸುಮಾರು 500 ಕೋಟಿ.

ಸಿಪೈಥಾನಿನಲ್ಲಿ ಇದು ಏಕೆ ಕಾಣಲಿಲ್ಲ? ಒಂದು ಪಠ್ಯವನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆಂದು ಅದು ಎಣಿಸುತ್ತಿರುತ್ತದೆ. ಒಬ್ಬರೇ ಹಿಡಿದಿದ್ದರೆ ಹಳೆಯ ಪುಸ್ತಕದಲ್ಲೇ ಮುಂದುವರಿಸುತ್ತದೆ. ಈ ಅನುಕೂಲ ಬಂದದ್ದು 2004ರ ಪೈಥಾನ್ 2.4ರಲ್ಲಿ. ಬೇರೆ ಇಂಟರ್‌ಪ್ರಿಟರುಗಳಲ್ಲಿ ಇದು ಇರದು, ನೆಚ್ಚಿಕೊಳ್ಳಬೇಡಿ ಎಂದು ಆಗಿನ ಬಿಡುಗಡೆ ಟಿಪ್ಪಣಿಯಲ್ಲೇ ಎಚ್ಚರಿಸಲಾಗಿತ್ತು. ಅದನ್ನು ಬರೆದುಕೊಟ್ಟವರು ಅದೇ ಆರ್ಮಿನ್ ರಿಗೊ. ಪೈಪೈ ಹಾಗೆ ಎಣಿಸುವುದಿಲ್ಲ. ಬೇಡವಾದ ಪಠ್ಯವನ್ನು ಆಮೇಲೆ ಒಟ್ಟಿಗೆ ಗುಡಿಸುತ್ತದೆ. ಹನ್ನೊಂದು ವರ್ಷ ಹಳೆಯ ಆ ಅನುಕೂಲ ನನ್ನ ಕೆಟ್ಟ ಅಭ್ಯಾಸವನ್ನು ಮುಚ್ಚಿಟ್ಟಿತ್ತು.

ಸಾಲುಗಳನ್ನು ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಜಾಯಿನ್ ಮಾಡಿದೆವು. ಆ ರಾತ್ರಿ ಪೈಪೈ ವರದಿಯನ್ನು ಊಟದ ಹೊತ್ತಿಗೇ ಮುಗಿಸಿತು. ಮನೆಗೆ ಹೊರಡುವ ಮುಂಚೆ ತಂಡಕ್ಕೆ ಇನ್ನೊಂದು ಮೇಲ್ ಬರೆದೆ. ತಪ್ಪು ಎಂಜಿನ್ನಿನದಲ್ಲ, ನನ್ನದು ಎಂದು ಮೊದಲ ಸಾಲಿನಲ್ಲೇ ಹೇಳಿ, ಕಂಡುಹಿಡಿದವಳ ಹೆಸರು ಹಾಕಿದೆ.