ಕುದುರೆ ಕಥೆಗಳ ಸಂಗ್ರಹ ಮತ್ತು ಮಕ್ಕಳ ಓದಿನ ಚರಿತ್ರೆ

ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಆಕರಗಳದ್ದು. ಮಕ್ಕಳು ಅತಿಯಾಗಿ ಮೆಚ್ಚಿದ ಪುಸ್ತಕವೇ ಬೇಗ ಹರಿದುಹೋಗುತ್ತದೆ. ಸಾರ್ವಜನಿಕ ಗ್ರಂಥಾಲಯಗಳು ಸವೆದ ಪ್ರತಿಗಳನ್ನು ಕಾಲಕಾಲಕ್ಕೆ ತೆಗೆದುಹಾಕುತ್ತವೆ. ವಿದ್ವಾಂಸರು ಜನಪ್ರಿಯ ಬಾಲಕಥೆಗಳನ್ನು ಗಂಭೀರ ಅಧ್ಯಯನದ ವಸ್ತುವೆಂದು ಬಹುಕಾಲ ಪರಿಗಣಿಸಲಿಲ್ಲ. ಈ ಮೂರೂ ಕಾರಣಗಳು ಕೂಡಿದಾಗ ಒಂದು ಇಡೀ ಪ್ರಕಾರದ ಕುರುಹುಗಳೇ ಮಸುಕಾಗುವ ಸಂಭವವಿರುತ್ತದೆ. ಇಂಗ್ಲಿಷಿನಲ್ಲಿ ಕುದುರೆ, ಸವಾರಿ ಮತ್ತು ಪಂದ್ಯಗಳನ್ನು ಕುರಿತ ಬಾಲ ಹಾಗೂ ಕಿಶೋರ ಕಥಾಸಾಹಿತ್ಯವು ಈ ಅಪಾಯವನ್ನು ದಾಟಿ ಅಧ್ಯಯನದ ವಸ್ತುವಾದದ್ದು ಬಹುಮಟ್ಟಿಗೆ ಖಾಸಗಿ ಸಂಗ್ರಾಹಕರಿಂದ. ಅವರಲ್ಲಿ ಅನೇಕರು ಈ ಪುಸ್ತಕಗಳನ್ನು ಬಾಲ್ಯದಲ್ಲಿ ಓದಿ, ದೊಡ್ಡವರಾದ ಮೇಲೆ ಮತ್ತೆ ಅರಸಿಕೊಂಡು ಹೋದವರು. ಹೀಗೆ ಕೂಡಿಬಂದ ಸಂಗ್ರಹಗಳು ಚರಿತ್ರೆಕಾರನಿಗೆ ಏನನ್ನು ಒದಗಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಕಾರದ ಮೂಲವನ್ನು ಸಾಮಾನ್ಯವಾಗಿ ಆನಾ ಸ್ಯೂಯೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ ಕೃತಿಯಲ್ಲಿ ಗುರುತಿಸಲಾಗುತ್ತದೆ. ೧೮೭೭ರ ನವೆಂಬರಿನಲ್ಲಿ ಜಾರೊಲ್ಡ್ ಸಂಸ್ಥೆಯು ಪ್ರಕಟಿಸಿದ ಈ ಪುಸ್ತಕವು ಕುದುರೆಯೇ ಹೇಳಿಕೊಂಡ ಆತ್ಮಕಥೆಯ ರೂಪದಲ್ಲಿದೆ. ಬಾಲ್ಯದಲ್ಲೇ ಕಾಲಿಗೆ ಪೆಟ್ಟಾಗಿ ನಡೆಯಲು ಕಷ್ಟಪಡುತ್ತಿದ್ದ ಸ್ಯೂಯೆಲ್‌ಗೆ ಓಡಾಟಕ್ಕೆ ಕುದುರೆಗಾಡಿಯೇ ಆಧಾರವಾಗಿತ್ತು. ಆಕೆ ಮಕ್ಕಳನ್ನು ಮುಖ್ಯವಾಗಿ ಉದ್ದೇಶಿಸಿ ಬರೆದವಳಲ್ಲ. ಕುದುರೆಗಳೊಡನೆ ದುಡಿಯುವ ಸವಾರರು, ಗಾಡಿಯವರು, ಲಾಯದ ಆಳುಗಳು ಇದನ್ನು ಓದಬೇಕೆಂಬುದು ಅವಳ ಆಶಯವಾಗಿತ್ತು. ಕುದುರೆಯ ತಲೆಯನ್ನು ಬಲವಂತವಾಗಿ ಮೇಲೆತ್ತಿ ಹಿಡಿಯುವ ಬಿಗಿ ಲಗಾಮಿನ ಕ್ರೌರ್ಯವನ್ನು ಕಥೆ ಎತ್ತಿತೋರಿಸಿತು. ಪುಸ್ತಕ ಪ್ರಕಟವಾದ ಐದು ತಿಂಗಳಲ್ಲಿ, ೧೮೭೮ರ ಏಪ್ರಿಲಿನಲ್ಲಿ, ಲೇಖಕಿ ತೀರಿಕೊಂಡಳು. ೧೮೯೦ರಲ್ಲಿ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾ ಪ್ರಚಾರಕನು ಅಮೆರಿಕದಲ್ಲಿ ಇದರ ಆವೃತ್ತಿಯನ್ನು ಹೊರತಂದು ವ್ಯಾಪಕವಾಗಿ ಹಂಚಿದನು. ಆತನ ದೃಷ್ಟಿಯಲ್ಲಿ ಗುಲಾಮಗಿರಿಯ ವಿರುದ್ಧ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಮಾಡಿದ ಕೆಲಸವನ್ನು ಕುದುರೆಗಳ ಪರವಾಗಿ ಈ ಪುಸ್ತಕ ಮಾಡಬೇಕಿತ್ತು. ನಾರ್ವಿಚ್‌ನ ಮೊದಲ ಆವೃತ್ತಿಯನ್ನೂ ಅಮೆರಿಕದ ಪ್ರಚಾರ ಆವೃತ್ತಿಯನ್ನೂ ಮುಂದೆ ಶಾಲಾಮಕ್ಕಳಿಗಾಗಿ ಬಂದ ಸಂಕ್ಷಿಪ್ತ ಪಾಠಗಳನ್ನೂ ಒಟ್ಟಿಗೆ ಇರಿಸಿ ನೋಡಿದಾಗ, ದುಡಿಯುವವರಿಗಾಗಿ ಬರೆದ ಒಂದು ಕೃತಿ ಮಕ್ಕಳ ಪುಸ್ತಕವಾಗಿ ಮಾರ್ಪಟ್ಟ ಬಗೆ ಸ್ಪಷ್ಟವಾಗುತ್ತದೆ. ಒಂದೇ ಪ್ರತಿಯನ್ನು ಓದಿದವರಿಗೆ ಈ ಪರಿವರ್ತನೆ ಕಾಣದು.

ಇಪ್ಪತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಮೋಟಾರು ವಾಹನಗಳು ಬಂದು ಕುದುರೆಯು ದುಡಿಮೆಯಿಂದ ಹಿಂದೆ ಸರಿಯತೊಡಗಿದಾಗ ಕಥೆಯ ಕೇಂದ್ರವೂ ಬದಲಾಯಿತು. ಮಕ್ಕಳಿಗೆ ಸವಾರಿ ಕಲಿಸುವ ಪೋನಿ ಕ್ಲಬ್ ಸ್ಥಾಪನೆಯಾದದ್ದು ೧೯೨೯ರಲ್ಲಿ. ‘ಗೋಲ್ಡನ್ ಗೋರ್ಸ್’ ಎಂಬ ಕಾವ್ಯನಾಮದ ಲೇಖಕಿಯ ‘ಮೂರ್‌ಲ್ಯಾಂಡ್ ಮೌಸಿ’ ಲಯನೆಲ್ ಎಡ್ವರ್ಡ್ಸ್ ಅವರ ಚಿತ್ರಗಳೊಡನೆ ಹೊರಬಂದದ್ದೂ ಅದೇ ವರ್ಷ. ಅದರಲ್ಲಿ ಇನ್ನೂ ಕುದುರೆಯೇ ಕಥೆ ಹೇಳುತ್ತದೆ. ೧೯೩೬ರ ಜೋನಾ ಕ್ಯಾನನ್ ಅವರ ‘ಎ ಪೋನಿ ಫಾರ್ ಜೀನ್’ ಕೃತಿಯಲ್ಲಾದರೋ ಪೋನಿ ಎಂಬ ಚಿಕ್ಕ ತಳಿಯ ಕುದುರೆಯನ್ನು ಪಡೆದು ಪಳಗಿಸುವ ಹುಡುಗಿ ಮುಂದೆ ಬರುತ್ತಾಳೆ. ಕ್ಯಾನನ್ ಅವರ ಹೆಣ್ಣುಮಕ್ಕಳಾದ ಜೋಸೆಫೀನ್, ಡಯಾನಾ ಮತ್ತು ಕ್ರಿಸ್ಟೀನ್ ಪುಲೀನ್-ಥಾಂಪ್ಸನ್ ಮೂವರೂ ಸೇರಿ ಬರೆದ ‘ಇಟ್ ಬಿಗ್ಯಾನ್ ವಿತ್ ಪಿಕೊಟಿ’ ೧೯೪೬ರಲ್ಲಿ ಪ್ರಕಟವಾಯಿತು. ಮುಂದೆ ಮೂವರೂ ಬೇರೆಬೇರೆಯಾಗಿ ಈ ಪ್ರಕಾರದಲ್ಲಿ ಹೇರಳವಾಗಿ ಬರೆದರು. ರೂಬಿ ಫರ್ಗುಸನ್ ಅವರ ‘ಜಿಲ್’ ಮಾಲೆಯ ಒಂಬತ್ತು ಪುಸ್ತಕಗಳು ೧೯೪೯ರಿಂದ ೧೯೬೨ರ ಅವಧಿಯಲ್ಲಿ ಬಂದವು.

ಅಮೆರಿಕದಲ್ಲಿ ಈ ಧಾರೆಯು ಬೇರೆಯದೇ ರೂಪ ತಾಳಿತು. ವಿಲ್ ಜೇಮ್ಸ್ ಅವರ ದನಗಾಹಿ ಕುದುರೆಯ ಕಥೆ ‘ಸ್ಮೋಕಿ’ಗೆ ೧೯೨೭ರಲ್ಲಿ ನ್ಯೂಬೆರಿ ಪದಕ ದೊರೆಯಿತು. ವಾಲ್ಟರ್ ಫಾರ್ಲಿ ಅವರ ‘ದ ಬ್ಲ್ಯಾಕ್ ಸ್ಟ್ಯಾಲಿಯನ್’ ಮತ್ತು ಮೇರಿ ಒ’ಹಾರಾ ಅವರ ‘ಮೈ ಫ್ರೆಂಡ್ ಫ್ಲಿಕಾ’ ಎರಡೂ ೧೯೪೧ರ ಕೃತಿಗಳು. ಮಾರ್ಗರೇಟ್ ಹೆನ್ರಿ ಅವರ ‘ಕಿಂಗ್ ಆಫ್ ದ ವಿಂಡ್’ ೧೯೪೯ರಲ್ಲಿ ನ್ಯೂಬೆರಿ ಪದಕವನ್ನು ಪಡೆಯಿತು. ಪಂದ್ಯದ ಕುದುರೆಗಳ ಥರೋಬ್ರೆಡ್ ತಳಿಗೆ ಮೂಲವೆನಿಸಿದ ಮೂರು ಗಂಡು ಕುದುರೆಗಳಲ್ಲೊಂದಾದ ಗೊಡಾಲ್ಫಿನ್ ಅರೇಬಿಯನ್‌ನ ಚರಿತ್ರೆಯನ್ನು ಆಧರಿಸಿದ ಈ ಕಾದಂಬರಿಯಲ್ಲಿ ಮಾತು ಬಾರದ ಮೊರಾಕೊದ ಲಾಯದ ಹುಡುಗನೊಬ್ಬ ಮುಖ್ಯ ಪಾತ್ರ. ಹೀಗೆ ಬ್ರಿಟನ್ನಿನ ಧಾರೆಯಲ್ಲಿ ಮನೆಯಂಗಳದ ಪೋನಿ ಮುಖ್ಯವಾದರೆ, ಅಮೆರಿಕದ ಧಾರೆಯಲ್ಲಿ ಕಾಡು ಕುದುರೆ ಮತ್ತು ಪಂದ್ಯದ ಕುದುರೆ ಮುಖ್ಯವಾದವು.

ಪಂದ್ಯದ ಕಥೆಗಳು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ವಿಶೇಷ ಮಹತ್ವ ಪಡೆದಿವೆ. ೧೯೩೫ರಲ್ಲಿ ಪ್ರಕಟವಾದ ಎನಿಡ್ ಬ್ಯಾಗ್ನೊಲ್ಡ್ ಅವರ ‘ನ್ಯಾಷನಲ್ ವೆಲ್ವೆಟ್’ನಲ್ಲಿ ಕಟುಕನ ಮಗಳಾದ ಹದಿನಾಲ್ಕರ ಹುಡುಗಿಯೊಬ್ಬಳು ಲಾಟರಿ ಚೀಟಿಯಲ್ಲಿ ಬಂದ ಕುದುರೆಯನ್ನೇರಿ, ಹುಡುಗನ ವೇಷ ಧರಿಸಿ, ಬೇಲಿಗಳನ್ನು ಹಾರಿಸಿ ಓಡಿಸುವ ಗ್ರ್ಯಾಂಡ್ ನ್ಯಾಷನಲ್ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟುತ್ತಾಳೆ. ಆದರೆ ಗೆಲುವು ಅವಳ ಹೆಸರಿನಲ್ಲಿ ಉಳಿಯುವುದಿಲ್ಲ. ವಾಸ್ತವದಲ್ಲಿ ಮಹಿಳೆಯರು ಆ ಪಂದ್ಯದಲ್ಲಿ ಸವಾರಿ ಮಾಡಲು ಬ್ರಿಟನ್ನಿನ ೧೯೭೫ರ ಲಿಂಗ ತಾರತಮ್ಯ ನಿಷೇಧ ಕಾಯಿದೆಯವರೆಗೆ ಕಾಯಬೇಕಾಯಿತು. ಷಾರ್ಲಟ್ ಬ್ರೂ ೧೯೭೭ರಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದರು. ಜೆರಾಲ್ಡೀನ್ ರೀಸ್ ೧೯೮೨ರಲ್ಲಿ ಪಂದ್ಯವನ್ನು ಪೂರ್ಣಗೊಳಿಸಿದ ಮೊದಲ ಮಹಿಳೆಯಾದರು. ರೇಚಲ್ ಬ್ಲ್ಯಾಕ್‌ಮೋರ್ ಗೆದ್ದದ್ದು ೨೦೨೧ರಲ್ಲಿ. ಕಥೆಯ ಹುಡುಗಿಗೂ ನಿಜದ ಗೆಲುವಿಗೂ ನಡುವೆ ಎಂಬತ್ತಾರು ವರ್ಷಗಳ ಅಂತರವಿದೆ. ಅಮೆರಿಕದಲ್ಲಿ ಡಯಾನ್ ಕ್ರಂಪ್ ಅಧಿಕೃತ ಬಾಜಿ ಪಂದ್ಯದಲ್ಲಿ ಪುರುಷರೊಡನೆ ಸ್ಪರ್ಧಿಸಿದ್ದು ೧೯೬೯ರಲ್ಲಿ. ೧೯೯೧ರಲ್ಲಿ ಆರಂಭವಾದ ಜೋನಾ ಕ್ಯಾಂಪ್‌ಬೆಲ್ ಅವರ ‘ಥರೋಬ್ರೆಡ್’ ಮಾಲೆಯ ಹೊತ್ತಿಗೆ ಹುಡುಗಿಯು ವೇಷ ಮರೆಸಿಕೊಳ್ಳದೆ ಜಾಕಿಯಾಗುವುದು ಕಥೆಯಲ್ಲಿ ಸಹಜ ಸಂಗತಿಯಾಗಿತ್ತು. ಈ ಬದಲಾವಣೆಯನ್ನು ಹೆಸರಾಂತ ಒಂದೆರಡು ಕೃತಿಗಳಿಂದ ಅಳೆಯಲು ಬಾರದು. ನಡುವಿನ ದಶಕಗಳ ಸಾಧಾರಣ ಕಥೆಗಳು, ಮಾಲೆಯ ಪುಸ್ತಕಗಳು, ಅಗ್ಗದ ಪೇಪರ್‌ಬ್ಯಾಕ್‌ಗಳು ಇದ್ದಾಗ ಮಾತ್ರ ಅದರ ಗತಿ ತಿಳಿಯುತ್ತದೆ. ಗ್ರಂಥಾಲಯಗಳು ಮೊದಲು ಕೈಬಿಡುವುದೂ ಸಂಗ್ರಾಹಕರು ಹುಡುಕಿ ಕಾಪಿಡುವುದೂ ಇವುಗಳನ್ನೇ.

ಸಂಗ್ರಾಹಕರ ಶಿಸ್ತಿನ ಇನ್ನೊಂದು ಫಲ ಪಾಠಾಂತರಗಳ ಅರಿವು. ‘ಜಿಲ್’ ಮಾಲೆಯ ಕಥಾನಾಯಕಿಯ ಮೊದಲ ಪೋನಿಗೆ ಮೂಲದಲ್ಲಿದ್ದ ‘ಬ್ಲ್ಯಾಕ್ ಬಾಯ್’ ಎಂಬ ಹೆಸರು ನಂತರದ ಆವೃತ್ತಿಗಳಲ್ಲಿ ‘ಡ್ಯಾನಿ ಬಾಯ್’ ಎಂದಾಯಿತು. ‘ಜಿಲ್ ಎಂಜಾಯ್ಸ್ ಹರ್ ಪೋನೀಸ್’ ಎಂಬ ಪುಸ್ತಕವೇ ‘ಜಿಲ್ ಅಂಡ್ ದ ರನವೇ’ ಎಂಬ ಬೇರೆ ಶೀರ್ಷಿಕೆಯಲ್ಲಿ ಮಾರಾಟವಾಯಿತು. ಗ್ರಂಥಸೂಚಿಯಲ್ಲಿ ಇವೆರಡೂ ಪ್ರತ್ಯೇಕ ಕೃತಿಗಳಾಗಿ ಸೇರಿಬಿಡುವ ಸಾಧ್ಯತೆಯುಂಟು. ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ಇಂತಹ ತೊಡಕು ಬಗೆಹರಿಯುತ್ತದೆ.

ಪಠ್ಯದಷ್ಟೇ ಪುಸ್ತಕದ ಭೌತಿಕ ರೂಪವೂ ಸಾಕ್ಷ್ಯವಾಗಿದೆ. ರಟ್ಟಿನ ಮೇಲಿನ ಸಚಿತ್ರ ಕಾಗದದ ಹೊದಿಕೆಯನ್ನು ಸಂಗ್ರಾಹಕರು ಪುಸ್ತಕದ ಬೆಲೆಯ ಬಹುಮುಖ್ಯ ಅಂಶವೆಂದು ಎಣಿಸುತ್ತಾರೆ. ಮೊದಲ ನೋಟಕ್ಕೆ ಇದು ವ್ಯಾಪಾರದ ಮಾತೆನಿಸಬಹುದು. ಆದರೆ ಬೆಲೆ, ಮಾಲೆಯ ಇತರ ಶೀರ್ಷಿಕೆಗಳು, ಪ್ರಕಾಶಕರು ಊಹಿಸಿಕೊಂಡ ಓದುಗರ ವಯಸ್ಸು, ಮುಖಚಿತ್ರದಲ್ಲಿ ಹುಡುಗಿಗೆ ಕೊಟ್ಟ ಉಡುಪು ಇವೆಲ್ಲ ದೊರೆಯುವುದು ಆ ಹೊದಿಕೆಯಲ್ಲಿಯೇ. ದೊಡ್ಡ ಗ್ರಂಥಾಲಯಗಳಲ್ಲಿಯೂ ಇಂತಹ ಹೊದಿಕೆಗಳನ್ನು ಕಳಚಿಬಿಡುವ ರೂಢಿ ಬಹುಕಾಲ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಾಗದದ ಪಡಿತರ ಜಾರಿಯಲ್ಲಿದ್ದು ಅದು ೧೯೪೯ರವರೆಗೆ ಮುಂದುವರಿಯಿತು. ಆ ವರ್ಷಗಳ ಪುಸ್ತಕಗಳ ತೆಳು ಹಾಳೆ, ಕಿರಿದಾದ ಅಂಚು, ಒತ್ತೊತ್ತಾದ ಅಕ್ಷರಗಳು ಕೊರತೆಯ ಕಾಲದ ದಾಖಲೆಗಳು. ಮುನ್ನಿನ ಹಾಳೆಯಲ್ಲಿ ಬರೆದ ಹುಟ್ಟುಹಬ್ಬದ ಹಾರೈಕೆ, ಶಾಲೆಯ ಬಹುಮಾನದ ಚೀಟಿ, ಮಗುವೊಂದು ಬಣ್ಣ ತುಂಬಿದ ಚಿತ್ರ ಇವು ಮಾರುಕಟ್ಟೆಯಲ್ಲಿ ಪ್ರತಿಯ ಬೆಲೆಯನ್ನು ತಗ್ಗಿಸುತ್ತವೆ. ಓದಿನ ಚರಿತ್ರೆಯನ್ನು ಅರಸುವವರಿಗಾದರೋ ಇವೇ ಬೆಲೆಯುಳ್ಳವು. ಸಂಗ್ರಾಹಕನ ಮೌಲ್ಯವೂ ಸಂಶೋಧಕನ ಮೌಲ್ಯವೂ ಬೇರೆಯಾಗುವ ಜಾಗವಿದು. ಚೊಕ್ಕಟವಾದ ಪ್ರತಿಯನ್ನು ಮಾತ್ರ ಉಳಿಸಿಕೊಂಡ ಸಂಗ್ರಹವು ಓದದೆ ಉಳಿದ ಪುಸ್ತಕಗಳ ಸಂಗ್ರಹವಾಗಿಬಿಡುವ ಅಪಾಯವಿದೆ.

ಖಾಸಗಿ ಆಸಕ್ತಿಯು ವಿದ್ವತ್ತಿಗೆ ದಾರಿಯಾದುದಕ್ಕೆ ನಿದರ್ಶನಗಳಿವೆ. ಟೆರಿ ವೇರ್ ಅವರು ಸಿದ್ಧಪಡಿಸಿದ ಕುದುರೆ ಕಥೆಗಳ ವಿವರಣಾತ್ಮಕ ಗ್ರಂಥಸೂಚಿ ೧೯೮೭ರಲ್ಲಿ ಪ್ರಕಟವಾಯಿತು. ಹಳೆಯ ಪೋನಿ ಕಥೆಗಳ ಮಾರಾಟದಲ್ಲಿ ತೊಡಗಿದ್ದ ಜೇನ್ ಬ್ಯಾಜರ್ ಅವರು ಬ್ರಿಟಿಷ್ ಪೋನಿ ಕಥೆಗಳ ಚರಿತ್ರೆಯಾದ ‘ಹೀರೊಯಿನ್ಸ್ ಆನ್ ಹಾರ್ಸ್‌ಬ್ಯಾಕ್’ ಗ್ರಂಥವನ್ನು ೨೦೧೩ರಲ್ಲಿ ಹೊರತಂದರು. ಸಾಂಸ್ಥಿಕ ಸಂಗ್ರಹಗಳ ಬುನಾದಿಯಲ್ಲಿಯೂ ಖಾಸಗಿಯವರ ಕೈ ಇರುವುದು ಗಮನಾರ್ಹ. ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಆಸ್‌ಬಾರ್ನ್ ಸಂಗ್ರಹವು ಎಡ್ಗರ್ ಆಸ್‌ಬಾರ್ನ್ ಎಂಬ ಗ್ರಂಥಪಾಲಕರು ೧೯೪೯ರಲ್ಲಿ ಕೊಡುಗೆಯಾಗಿ ನೀಡಿದ ಮಕ್ಕಳ ಪುಸ್ತಕಗಳಿಂದ ಆರಂಭವಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಕರ್ಲನ್ ಸಂಗ್ರಹಕ್ಕೆ ವೈದ್ಯರೊಬ್ಬರ ಸ್ವಂತ ಪುಸ್ತಕಗಳು ಮೂಲವಾದವು.

ಒಟ್ಟಿನಲ್ಲಿ ಈ ಪ್ರಕಾರದ ಸಂಗ್ರಹವು ಎರಡು ಸಂಗತಿಗಳನ್ನು ಮನಗಾಣಿಸುತ್ತದೆ. ಮಕ್ಕಳ ಪುಸ್ತಕದ ಮೌಲ್ಯವನ್ನು ಅದರ ಸಾಹಿತ್ಯ ಗುಣದಿಂದ ಮಾತ್ರ ನಿರ್ಧರಿಸಿದರೆ ಚರಿತ್ರೆಯ ಬಹುಭಾಗ ಕೈತಪ್ಪುತ್ತದೆ. ಹಾಗೆಯೇ ಒಂದು ಶೀರ್ಷಿಕೆಗೆ ಒಂದು ಪ್ರತಿ ಸಾಕೆಂಬ ಲೆಕ್ಕಾಚಾರವು ಮಕ್ಕಳ ಸಾಹಿತ್ಯಕ್ಕೆ ಹೊಂದುವುದಿಲ್ಲ. ಈ ಮಾತು ಕುದುರೆ ಕಥೆಗಳಿಗಾಗಲಿ ಇಂಗ್ಲಿಷಿಗಾಗಲಿ ಸೀಮಿತವಲ್ಲ. ಮಕ್ಕಳಿಗಾಗಿ ಮುದ್ರಣವಾದ ಪುಸ್ತಕಗಳಿರುವ ಯಾವುದೇ ಭಾಷೆಯ ಗ್ರಂಥಾಲಯಕ್ಕೂ ಇದು ಅನ್ವಯಿಸುತ್ತದೆ. ಹರಿದ ಪ್ರತಿಯನ್ನು ಪಟ್ಟಿಯಿಂದ ತೆಗೆಯುವ ಮುನ್ನ ಅದರ ಆವೃತ್ತಿ, ಹೊದಿಕೆ, ಚಿತ್ರಕಾರರ ಹೆಸರು, ಓದುಗರ ಗುರುತುಗಳನ್ನು ದಾಖಲಿಸಿಕೊಳ್ಳುವ ಕ್ರಮವನ್ನು ರೂಢಿಸಿಕೊಳ್ಳಬೇಕಾಗಿದೆ. ತಪ್ಪಿದಲ್ಲಿ ಮಕ್ಕಳು ನಿಜವಾಗಿ ಏನನ್ನು ಓದಿದರು ಎಂಬ ಪ್ರಶ್ನೆಗೆ ಉತ್ತರಿಸಲು ಮುಂದಿನವರಿಗೆ ಆಧಾರವೇ ಉಳಿಯಲಾರದು.