ಭಾರತೀಯ ವಿಜ್ಞಾನ ಸಂಸ್ಥೆ

ವಿಜ್ಞಾನ, ತಂತ್ರಜ್ಞಾನಗಳ ಉನ್ನತ ಶಿಕ್ಷಣ ಹಾಗೂ ಸಂಶೋಧನೆಗೆಂದು 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಂಸ್ಥೆ. ಹಳಬರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಯೋಜನೆ ಜೆಮ್‌ಶೆಟ್‌ಜಿ ಟಾಟಾ ಅವರದು. 1904ರಲ್ಲಿ ತೀರಿಕೊಂಡ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ. ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ವಿದ್ಯಾರ್ಥಿಗಳ ಪ್ರವೇಶ 1911ರಲ್ಲಿ ಆರಂಭವಾಯಿತು.

ಸಂಶೋಧನೆಯಿಂದ ನಾಡಿನ ಉದ್ಯಮಕ್ಕೆ ಏನು ದಕ್ಕೀತು ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಶ್ರೀಗಂಧದ್ದು. ಮೊದಲ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿದಾಗ ಮೈಸೂರಿನ ಗಂಧದ ಕೊರಡುಗಳು ಮಾರಾಟವಾಗದೆ ಉಳಿದವು. ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪಿಗೆ ದಾರಿಯಾದದ್ದು ಈ ಎಣ್ಣೆಯೇ. ಕಚ್ಚಾ ಮಾಲು ಮಾರುತ್ತಿದ್ದ ಸಂಸ್ಥಾನ ಸಿದ್ಧವಸ್ತು ಮಾರತೊಡಗಿತು.

1933ರಲ್ಲಿ ಸಿ. ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. 1942ರ ವೈಮಾನಿಕ ವಿಭಾಗ ನೆರೆಯ ವಿಮಾನ ಕಾರ್ಖಾನೆಗೆ ಎಂಜಿನಿಯರುಗಳನ್ನು ಒದಗಿಸಿತು. ಸತೀಶ್ ಧವನ್ (ನಿರ್ದೇಶಕ, 1962–81) 1972ರಿಂದ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆಯನ್ನೂ ಹೊತ್ತರು.

ಎಲ್ಲ ಆವಿಷ್ಕಾರವೂ ಕಾರ್ಖಾನೆಯ ಹೊಗೆಕೊಳವೆಗಾಗಿ ಹುಟ್ಟಲಿಲ್ಲ. 1974ರಲ್ಲಿ ಎ. ಕೆ. ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಸೌದೆ ಉಳಿಸುವ ಒಲೆ ಕರ್ನಾಟಕದ ಹಳ್ಳಿಮನೆಗಳನ್ನು ಹೊಕ್ಕಿತು. ಸಂಸ್ಥೆಯ ಹೆಸರು ಕೇಳದವರಿಗೂ ಅಸ್ತ್ರ ಒಲೆ ಗೊತ್ತಿತ್ತು. ಸ್ನಾತಕೋತ್ತರ ಅಧ್ಯಯನಕ್ಕೇ ಹೆಸರಾಗಿದ್ದ ಸಂಸ್ಥೆ 2011ರಲ್ಲಿ, ತುಸು ತಡವಾಗಿಯೇ, ನಾಲ್ಕು ವರ್ಷಗಳ ಪದವಿ ಶಿಕ್ಷಣಕ್ಕೂ ಬಾಗಿಲು ತೆರೆಯಿತು.