ಮೂತ್ರಪಿಂಡದ ಅರ್ಬುದವೂ ಶಸ್ತ್ರವೈದ್ಯನ ಕೈಯೂ

ರೋಗವನ್ನು ಕಿತ್ತೊಗೆಯಲು ಹೋದ ಕೈಯೇ ಅದನ್ನು ದೇಹದಲ್ಲೆಲ್ಲ ಬಿತ್ತಿಬಿಟ್ಟರೆ ರೋಗಿಯ ಗತಿಯೇನು? ಮೂತ್ರಪಿಂಡದ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಶಸ್ತ್ರಚಿಕಿತ್ಸೆಯು ಬೆಳೆದುಬಂದ ಚರಿತ್ರೆಯಲ್ಲಿ ಈ ಶಂಕೆಯು ವೈದ್ಯರನ್ನು ಬಹುಕಾಲ ಬಾಧಿಸಿತು.

ಈ ಚರಿತ್ರೆಯಲ್ಲಿ 1869ನೆಯ ಇಸವಿಯು ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಆಗಸ್ಟ್ 2ರಂದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸಿಮೊನ್ ಎಂಬ ಶಸ್ತ್ರವೈದ್ಯನು, ಮೊದಲು ನಾಯಿಗಳ ಮೇಲೆ ಪ್ರಯೋಗಿಸಿ ನೋಡಿ, ಬಳಿಕ ಮೂತ್ರನಾಳಕ್ಕೆ ಹಾನಿಯಾಗಿ ಬಳಲುತ್ತಿದ್ದ ಒಬ್ಬ ಸ್ತ್ರೀಯ ಮೂತ್ರಪಿಂಡವೊಂದನ್ನು ತೆಗೆದನು. ಆಕೆ ಬದುಕಿಕೊಂಡಳು. ಆಕೆಯದು ಅರ್ಬುದವಲ್ಲ, ಆದರೂ ಮನುಷ್ಯನು ಒಂದೇ ಮೂತ್ರಪಿಂಡದಿಂದ ಜೀವಿಸಬಲ್ಲನೆಂಬುದು ಸ್ಥಿರಪಟ್ಟು, ಅರ್ಬುದ ಹಿಡಿದ ಪಿಂಡವನ್ನು ತೆಗೆಯುವುದಕ್ಕೂ ದಾರಿಯಾಯಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಥಾಮಸ್ ಆಶ್‌ವರ್ತ್ ಎಂಬ ವೈದ್ಯನು, ಅರ್ಬುದದಿಂದ ಮೃತನಾದವನೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಡ್ಡೆಯಲ್ಲಿದ್ದಂಥ ಜೀವಕಣಗಳೇ ರಕ್ತದಲ್ಲಿಯೂ ಇರುವುದನ್ನು ಕಂಡನು.

ಈ ಎರಡು ಸಂಗತಿಗಳ ಸಂಬಂಧವು ಮೂತ್ರಪಿಂಡದ ರಚನೆಯನ್ನು ನೋಡಿದರೆ ತಿಳಿಯುವುದು. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ಮೂತ್ರಪಿಂಡಗಳ ಮೂಲಕ ಹರಿಯುತ್ತದೆ. ಧಮನಿಯು ರಕ್ತವನ್ನು ತರುತ್ತದೆ. ಸಿರೆಯು ಅದನ್ನು ಮಹಾಸಿರೆಗೆ ಒಯ್ಯುತ್ತದೆ. ಇಲ್ಲಿಯ ಅರ್ಬುದಕ್ಕೆ ಸಿರೆಯೊಳಕ್ಕೇ ಬೆಳೆಯುವ ಸ್ವಭಾವವುಂಟು. ಕೆಲವು ರೋಗಿಗಳಲ್ಲಿ ಅದು ಮಹಾಸಿರೆಯ ಗುಂಟ ಏರಿ ಹೃದಯದವರೆಗೂ ಮುಟ್ಟುತ್ತದೆ. ಹಾಗಿರುವಾಗ, ಕತ್ತರಿಸುವವನು ಗಡ್ಡೆಯನ್ನು ಹಿಸುಕಿದರೆ ಕಣಗಳು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಲಾರವೇ? 1913ರಲ್ಲಿ ಅಮೆರಿಕದ ಅರ್ನೆಸ್ಟ್ ಟೈಜರ್ ಎಂಬ ವಿಜ್ಞಾನಿಯು, ಇಲಿಗಳ ಗಡ್ಡೆಯನ್ನು ನೀವಿದರೆ ರೋಗವು ಬೇರೆಡೆಗೆ ಹೆಚ್ಚಾಗಿ ಹರಡುವುದೆಂದು ತೋರಿಸಿದನು. ಭಯವು ನಿರಾಧಾರವಾಗಿರಲಿಲ್ಲ.

ಇದಕ್ಕೆ ಕ್ರಮಬದ್ಧವಾದ ಉತ್ತರವನ್ನು ಕೊಟ್ಟವರಲ್ಲಿ ಕೆನಡಾದ ಚಾರ್ಲ್ಸ್ ರಾಬ್ಸನ್ ಮುಖ್ಯನು. 1963ರಲ್ಲಿಯೂ, 88 ರೋಗಿಗಳ ವೃತ್ತಾಂತದೊಡನೆ 1969ರಲ್ಲಿಯೂ ಆತನು ತನ್ನ ವಿಧಾನವನ್ನು ಪ್ರಕಟಿಸಿದನು. ಗಡ್ಡೆಯನ್ನು ಅಲುಗಿಸುವ ಮೊದಲೇ ರಕ್ತನಾಳಗಳನ್ನು ಕಟ್ಟಬೇಕು. ಪಿಂಡವನ್ನು ಅದರ ಕೊಬ್ಬು, ಹೊದಿಕೆಗಳ ಸಮೇತ, ಒಡೆಯದಂತೆ ತೆಗೆಯಬೇಕು. ಮೇಲಿನ ಗ್ರಂಥಿಯನ್ನೂ ನೆರೆಯ ದುಗ್ಧಗ್ರಂಥಿಗಳನ್ನೂ ಬಿಡಬಾರದು. 1990ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ರಾಲ್ಫ್ ಕ್ಲೇಮನ್ ಮೊತ್ತಮೊದಲಿಗೆ ಸಣ್ಣ ರಂಧ್ರಗಳ ಮೂಲಕ ಮೂತ್ರಪಿಂಡವನ್ನು ತೆಗೆದಾಗಲೂ, ಅದನ್ನು ಹೊಟ್ಟೆಯೊಳಗೇ ಒಂದು ಚೀಲದಲ್ಲಿ ಹಾಕಿ, ಚೀಲದೊಳಗೇ ಚೂರುಮಾಡಿ ಹೊರತೆಗೆದನು. ಒಂದು ಕಣವೂ ಚೆಲ್ಲಬಾರದೆಂಬ ಎಚ್ಚರಿಕೆಯೇ ಇಲ್ಲಿಯೂ ಕಾಣುತ್ತದೆ.

ಆದರೆ ಎಚ್ಚರಿಕೆಯ ನಿಯಮಗಳೆಲ್ಲವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಣ್ಣಿಗೆ ರೋಗವಿಲ್ಲವೆಂದು ತೋರುವ ದುಗ್ಧಗ್ರಂಥಿಗಳನ್ನು ತೆಗೆಯುವುದರಿಂದ ಆಯುಷ್ಯವು ಹೆಚ್ಚದೆಂದು 2009ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದು ತಿಳಿಸಿತು. ಮೇಲಿನ ಗ್ರಂಥಿಯನ್ನೂ ಈಗ ಎಲ್ಲರಲ್ಲಿಯೂ ತೆಗೆಯುವುದಿಲ್ಲ. ಗಡ್ಡೆ ಚಿಕ್ಕದಾದರೆ, ಸಾಧ್ಯವಿದ್ದಲ್ಲಿ ಪಿಂಡವನ್ನೇ ಉಳಿಸಿ, ಗಡ್ಡೆಯನ್ನು ಮಾತ್ರ ತೆಗೆಯುವುದು ವಾಡಿಕೆಯಾಗಿದೆ.

ಇದಕ್ಕೆ ಕಾರಣವನ್ನು ಅರಿಯಲು ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿಯೇ ಹೇಳಿದ ತತ್ತ್ವವು ನೆರವಾಗುತ್ತದೆ. ಅರ್ಬುದದ ಕಣವು ಬೀಜದಂತೆ. ತಕ್ಕ ನೆಲ ದೊರೆತಲ್ಲಿ ಮಾತ್ರ ಅದು ಮೊಳೆಯುವುದು. ರಕ್ತವನ್ನು ಸೇರಿದ ಕಣಗಳಲ್ಲಿ ಬಹುಪಾಲು ನಾಶವಾಗುತ್ತವೆ; ಮತ್ತೆ ಕೆಲವು ರೋಗಿಗಳಲ್ಲಿ ಕತ್ತಿ ಸೋಂಕುವ ಮೊದಲೇ ಅವು ದೂರಕ್ಕೆ ಹೋಗಿ ಬೇರೂರಿರುತ್ತವೆ. ಆದುದರಿಂದ, ರೋಗ ಮರುಕಳಿಸಿದಾಗಲೆಲ್ಲ ಶಸ್ತ್ರವೈದ್ಯನ ಕೈಯನ್ನೇ ದೂರುವುದು ನ್ಯಾಯವಲ್ಲ. ಗಡ್ಡೆಯನ್ನು ಒಡೆಯದೆ, ಹಿಸುಕದೆ ತೆಗೆಯುವ ಹೊಣೆಯಿಂದ ಆ ಕೈಗೆ ಬಿಡುಗಡೆಯೂ ಇಲ್ಲ.